ದಡಬಡಣ್ಣ ಸುಮ್ಮನೆ ಕೂತದ್ದು

"ಮರೆತಿಲ್ಲ ಕಣೇ! ಸ್ವಲ್ಪ ಮುಂದೆ ಬಂದೆ, ಅಷ್ಟೇ!"

"ಸ್ವಲ್ಪ ಮುಂದೆ? ನೀವು ಮನೆಗೇ ಬಂದ್ಬಿಟ್ರಿ! ನಾನು ಬಸ್ಸಲ್ಲೇ ಕೂತಿದ್ದೆ! ನನ್ನ ಬ್ಯಾಗು ಎತ್ಕೊಂಡ್ರಿ, ಛತ್ರಿ ಎತ್ಕೊಂಡ್ರಿ, ಪಕ್ಕದ ಸೀಟಿನವರ ಹಣ್ಣಿನ ಚೀಲಾನೂ ಎತ್ಕೊಂಡ್ರಿ. ಹೆಂಡ್ತಿ ಒಬ್ಬಳನ್ನ ಬಿಟ್ಟು ಬಾಕಿ ಎಲ್ಲಾ ಎತ್ಕೊಂಡು ಇಳಿದ್ರಿ!"

"ನೀನು ನನ್ನ ಹಿಂದೇನೇ ಇಳೀತೀಯ ಅಂದ್ಕೊಂಡೆ."

"ಬಸ್ಸು ಇನ್ನೂ ನಿಂತೇ ಇರಲಿಲ್ಲ ರೀ! ಓಡೋ ಬಸ್ಸಿಂದ ಹಾರಿದವರ ಹಿಂದೆ ನಾನು ಹೇಗೆ ಇಳೀಲಿ? ಮಂಗನ್ನ ಕಟ್ಕೊಂಡಿದ್ದೀನಿ ಅಂತ ನಾನೂ ಮಂಗ ಆಗ್ಬೇಕಾ?"

"ಆಮೇಲೆ ನೆನಪಾಯ್ತಲ್ಲ, ಬಂದು ಹುಡುಕಲಿಲ್ವಾ?"

"ಯಾವಾಗ ನೆನಪಾಯ್ತು? ಬಾಗಿಲಿಗೆ ಬೀಗ ಕಂಡಾಗ! ಪುಣ್ಯಕ್ಕೆ ಬೀಗದ ಕೈ ನನ್ನ ಮುಷ್ಟೀಲಿತ್ತು. ಅದೂ ಬ್ಯಾಗಲ್ಲಿದ್ದಿದ್ರೆ ಈ ಜನ್ಮದಲ್ಲಿ ನಿಮಗೆ ನನ್ನ ನೆನಪು ಬರ್ತಿರಲಿಲ್ಲ!"

ಇಷ್ಟು ಮಾತು ನಡೆಯುವಾಗ ದಡಬಡಣ್ಣ ಸುಮ್ಮನೆ ನಿಂತಿರಲಿಲ್ಲ. ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದ, ಇನ್ನೊಂದರಲ್ಲಿ ನೆಲದ ಮೇಲೆ ಬೂಟು ಹುಡುಕುತ್ತಿದ್ದ. ಬಲಗೈಯಲ್ಲಿ ಬ್ರೆಡ್ಡು ಇತ್ತು, ಎಡಗೈಯಲ್ಲಿ ಚಹಾದ ಲೋಟ ಇತ್ತು, ಬಾಚಣಿಗೆ ಹಲ್ಲಿನ ನಡುವೆ ಇತ್ತು. ಹೀಗಿರುವಾಗ ಹೆಂಡತಿಗೆ ಉತ್ತರ ಕೊಡುವುದು ಸುಲಭದ ಕೆಲಸವಲ್ಲ. ಆದರೂ ಅವನು ಬಾಚಣಿಗೆ ಕಚ್ಚಿಕೊಂಡೇ ಉತ್ತರ ಕೊಡುತ್ತಿದ್ದ. ಉತ್ತರಿಸಲು ನಿಂತರೆ ತಡವಾಗುತ್ತದಲ್ಲ!

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಕೂಗಿ ಮುಗಿಸುವಷ್ಟರಲ್ಲಿ ಆಸಾಮಿ ಬೀದಿ ದಾಟಿ ಹೋಗಿರುತ್ತಿದ್ದ. ಹಾಗಾಗಿ ಜನ ಆ ಹೆಸರು ಬಿಟ್ಟು ದಡಬಡಣ್ಣ ಅಂತ ಇಟ್ಟುಕೊಂಡರು. ಅದೇನು ಚಿಕ್ಕ ಹೆಸರಲ್ಲ, ಆದರೆ ಅವನ ಕಾಲ ಸಪ್ಪಳದಲ್ಲೇ ಅರ್ಧ ಹೆಸರು ಇರುತ್ತಿತ್ತು.

ಕೆಲಸ ನಗರಸಭೆಯ ಸರ್ವೆ ವಿಭಾಗದಲ್ಲಿ, ಟೇಪು ಹಿಡಿಯುವುದು. ಇದನ್ನು ಸಣ್ಣ ಕೆಲಸ ಅಂತ ಯಾರೂ ತಿಳಿಯಬಾರದು. ಯಾವ ರಸ್ತೆ ಅಗಲ ಮಾಡಬೇಕಾದರೂ ಮೊದಲು ಹೋಗುವವನು ಅವನೇ. ಬೀದಿಯ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಮನೆಗಳ ಸಾಲು ನೋಡುತ್ತಿದ್ದ. ಆಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಅಳೆಯುತ್ತಾ ಹೆಜ್ಜೆ ಹಾಕುತ್ತಿದ್ದ. ಆಮೇಲೆ ಟೇಪು ಬರುತ್ತಿತ್ತು, ಟೇಪಿನ ಹಿಂದೆ ಕೆಂಪು ಬಣ್ಣದ ಡಬ್ಬಿ ಬರುತ್ತಿತ್ತು, ಡಬ್ಬಿಯ ಹಿಂದೆ ಗೋಡೆ ಕೆಡವುವ ಯಂತ್ರ ಬರುತ್ತಿತ್ತು. ಅವನು ಯಾವ ಬೀದಿಯಲ್ಲಿ ಒಂದು ಕಣ್ಣು ಮುಚ್ಚಿದನೋ ಆ ಬೀದಿಯ ಮನೆಗಳು ಮೂಗು ಕಳೆದುಕೊಂಡವು ಅಂತಲೇ ಲೆಕ್ಕ.

ಅವನು ವಾಸವಿದ್ದ ಬೀದಿಗೆ ಮಾತ್ರ ಈ ಭಯ ಇರಲಿಲ್ಲ. ಅಲ್ಲಿ ಅವನು ಬೆಳಿಗ್ಗೆ ಓಡಿ ಹೋಗುತ್ತಿದ್ದ, ಸಂಜೆ ಓಡಿ ಬರುತ್ತಿದ್ದ. ಓಡುವವನಿಗೆ ಗೋಡೆ ಕಾಣುತ್ತದೆಯೇ? ಈ ಧೈರ್ಯದಲ್ಲಿ ಬೀದಿಯವರೆಲ್ಲ ಸ್ವಲ್ಪ ಸ್ವಲ್ಪವೇ ಮುಂದೆ ಬಂದಿದ್ದರು. ಎದುರು ಮನೆಯ ರಿಟೈರಾದ ಮೇಷ್ಟ್ರು ಕಾಂಪೌಂಡು ಗೋಡೆಯನ್ನು ಒಂದು ಮಾರು ಮುಂದಕ್ಕೆ ಕಟ್ಟಿಸಿದ್ದರು. ಬೇಕರಿಯವನು ಚರಂಡಿಯ ಮೇಲೆ ಕಲ್ಲು ಹಾಸಿ, ಅದರ ಮೇಲೆ ಗಾಜಿನ ಪೆಟ್ಟಿಗೆ ಇಟ್ಟು ಕೇಕು ಮಾರುತ್ತಿದ್ದ. ಮೂಲೆಮನೆಯಮ್ಮನ ಮೆಟ್ಟಿಲು ರಸ್ತೆಯ ನಡುವಿನ ತನಕ ಕಾಲು ಚಾಚಿ ಮಲಗಿತ್ತು. ಎರಡು ಸೈಕಲ್ಲು ಎದುರಾದರೆ ಒಂದು ಇಳಿದು ನಿಲ್ಲಬೇಕು, ಅಂಥ ಬೀದಿ.

"ಕೇಳಿಸ್ತಾ ನಾನು ಹೇಳಿದ್ದು?" ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನನಗೆ ಒಡವೆ ಬೇಡ, ಬಟ್ಟೆ ಬೇಡ. ಒಂದು ಸಂಜೆ, ಒಂದೇ ಒಂದು ಸಂಜೆ, ನನ್ನ ಪಕ್ಕ ಬೆನ್ನು ಕುರ್ಚಿಗೆ ತಾಗಿಸಿ ಕೂತ್ಕೊಳ್ಳಿ. ನಾನು ಆಡೋ ಮಾತು ಮುಗಿಯೋ ತನಕ ಎದ್ದು ಹೋಗ್ಬೇಡಿ. ಆಗಲ್ವಾ, ಆಗಲ್ಲ ಅಂತ ಹೇಳ್ಬಿಡಿ, ನನಗೂ ಕಾಲಿದೆ, ನಾನೂ ಹೋಗ್ತೀನಿ. ನಿಮ್ಮ ಹಾಗೆ ಬಾಗಿಲಿಗೆ ಬಂದು ನೆನಪಾಗಿ ವಾಪಸ್ ಬರೋಳಲ್ಲ ನಾನು."

ಅವಳು ಕೂಗಿ ಹೇಳಿದ್ದರೆ ದಡಬಡಣ್ಣ ಹೆದರುತ್ತಿರಲಿಲ್ಲ. ಕೊನೆಯ ಮಾತನ್ನು ಮೆಲ್ಲಗೆ ಹೇಳಿದಳು. ಅವನ ಬಾಯಿಂದ ಬಾಚಣಿಗೆ ಕೆಳಗೆ ಬಿತ್ತು.

ಈಗ ಬುದ್ಧಿ ಇರುವವನು ಏನು ಮಾಡುತ್ತಾನೆ? ಅವತ್ತೇ ಸಂಜೆ ಬಂದು ಹೆಂಡತಿಯ ಪಕ್ಕ ಕೂತುಬಿಡುತ್ತಾನೆ. ದಡಬಡಣ್ಣ ಹಾಗೆ ಮಾಡಲಿಲ್ಲ. ಕೂತುಕೊಳ್ಳುವುದು ಹೇಗೆ ಅಂತ ಕೇಳಲು ಭಾವಮೈದುನನ ಹತ್ತಿರ ಓಡಿದ.

ಈ ಭಾವಮೈದುನ ಹೊಸದಾಗಿ ನಿಧಾನಿಯಾಗಿದ್ದ. ಎಲ್ಲೋ ಬೆಟ್ಟದ ಮೇಲಿನ ಧ್ಯಾನದ ಶಿಬಿರಕ್ಕೆ ಹೋಗಿಬಂದ ಮೇಲೆ ನೀರು ಕುಡಿಯಬೇಕಾದರೂ ಕಣ್ಣು ಮುಚ್ಚುತ್ತಿದ್ದ. ಮೊದಲು ಚುರುಕಾಗಿದ್ದ ಮನುಷ್ಯ, ಈಗ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವನು ಪ್ರಶ್ನೆ ಮರೆಯುತ್ತಿದ್ದ.

"ಭಾವ..." ಅಂದ. ಉಸಿರು ಎಳೆದುಕೊಂಡ. "ನಿಧಾನವೇ..." ಉಸಿರು ಬಿಟ್ಟ. "ಪ್ರಧಾನ."

"ಅದು ಗೊತ್ತು ಮಾರಾಯ, ಮುಂದೆ ಹೇಳು, ಆಫೀಸಿಗೆ ಹೊತ್ತಾಯ್ತು!"

"ಆಫೀಸಿಗೆ ರಜೆ ಹಾಕಿ. ಮನೆ ಮುಂದೆ ಕುರ್ಚಿ ಹಾಕ್ಕೊಂಡು ಸುಮ್ಮನೆ ಕೂತ್ಕೊಳ್ಳಿ. ಕಣ್ಣ ಮುಂದೆ ಇರೋದನ್ನ ಮೊದಲನೇ ಸಲ ನೋಡ್ದಂಗೆ ನೋಡಿ. ಒಂದು ಗೋಡೆ ಇದ್ರೆ ಗೋಡೆ. ಒಂದು ಮೆಟ್ಟಿಲಿದ್ರೆ ಮೆಟ್ಟಿಲು. ಇಷ್ಟು ವರ್ಷ ಕಾಣದೆ ಇದ್ದಿದ್ದೆಲ್ಲಾ ಕಾಣುತ್ತೆ. ಆಮೇಲೆ ಎದ್ದು ನಡೀರಿ. ಆದ್ರೆ ನಿಮ್ಮ ಥರ ಅಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ, ಒಂದೊಂದೇ ಹೆಜ್ಜೆ. ಎಲ್ಲರನ್ನೂ ನೋಡಿ ಸ್ವಲ್ಪ ನಗಿ. ಮನಸ್ಸು ತಾನಾಗೇ ಹಗುರ ಆಗುತ್ತೆ."

"ಎಷ್ಟು ಬೇಗ ಆಗುತ್ತೆ?"

ಭಾವಮೈದುನ ಕಣ್ಣು ಮುಚ್ಚಿದ. ದಡಬಡಣ್ಣ ಅವನು ಕಣ್ಣು ಬಿಡುವುದನ್ನು ಕಾಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ದಡಬಡಣ್ಣ ಕುರ್ಚಿಯನ್ನು ಎತ್ತಿಕೊಂಡು ಓಡಿಬಂದು, ಮನೆಯ ಮುಂದೆ ದಬಕ್ಕನೆ ಇಟ್ಟು, ಅವಸರ ಅವಸರವಾಗಿ ಸುಮ್ಮನೆ ಕೂತ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಅವನಿಗೆ ಆಗ ತಿಳಿಯಿತು. ಮಂಡಿ ತಾನಾಗಿಯೇ ಕುಣಿಯುತ್ತಿತ್ತು. ಅದನ್ನು ಹಿಡಿದುಕೊಂಡರೆ ಬೆರಳು ತಾಳ ಹಾಕುತ್ತಿತ್ತು. ಕೈಗಳೆರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತ. ಆಗ ಹುಬ್ಬು ಕುಣಿಯಲು ಶುರುವಾಯಿತು. ಹುಬ್ಬಿನ ಮೇಲೆ ಕೂರುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಗೋಡೆ ನೋಡು, ಗೋಡೆ ನೋಡು ಅಂತ ತನಗೆ ತಾನೇ ಗದರಿಕೊಂಡು ಎದುರು ಮನೆಯ ಮೇಷ್ಟ್ರ ಗೋಡೆ ನೋಡಿದ. ನೋಡುವಾಗ ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿತು.

ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದರು. ತಲೆ ಎತ್ತಿ ನೋಡಿದರು. ದಡಬಡಣ್ಣ ಕೂತಿದ್ದಾನೆ! ಒಂದು ಕಣ್ಣು ಮುಚ್ಚಿದ್ದಾನೆ! ನೀರೆಲ್ಲ ಅವರ ಕಾಲ ಮೇಲೆ ಬಿತ್ತು.

"ಏನಪ್ಪಾ, ಇವತ್ತು ಆಫೀಸಿಲ್ವಾ?"

"ಇಲ್ಲೇ ಇದೀನಿ ಮೇಷ್ಟ್ರೇ, ಇನ್ನು ಸ್ವಲ್ಪ ದಿನ ಇಲ್ಲೇ," ಅಂದ ದಡಬಡಣ್ಣ. ಭಾವಮೈದುನ ಹೇಳಿದ್ದು ನೆನಪಾಗಿ ಸ್ವಲ್ಪ ನಕ್ಕ.

"ಏನು ನೋಡ್ತಾ ಇದೀಯ?"

"ನಿಮ್ಮ ಗೋಡೆ."

"ನನ್ನ ಗೋಡೆ ಯಾಕೆ?"

"ಸುಮ್ನೆ. ಇಷ್ಟು ವರ್ಷ ಕಣ್ಣಿಗೆ ಬಿದ್ದೇ ಇರಲಿಲ್ಲ ನೋಡಿ. ಇವತ್ತು ಸರಿಯಾಗಿ ಕಾಣ್ತಾ ಇದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ಸೇರಿದವರು ಮೇಷ್ಟ್ರು. ಕೈಯಲ್ಲಿದ್ದ ತಂಬಿಗೆ ಗೋಡೆಯ ಮೇಲಿಟ್ಟು ಒಳಗೆ ಹೋದರು. ಹಿಂದಿನ ಬಾಗಿಲಿಂದ ಹೊರಟು ಬೇಕರಿಗೆ ಹೋದರು. ಬೇಕರಿಯಲ್ಲಿ ಮೂಲೆಮನೆಯಮ್ಮ ಬನ್ನು ಕೊಳ್ಳುತ್ತಿದ್ದಳು. ಮೂಲೆಮನೆಯಮ್ಮನಿಗೆ ಗೊತ್ತಾದ ಮೇಲೆ ಊರಿಗೆ ಬೇರೆ ಪೇಪರು ಬೇಕಿಲ್ಲ.

"ನಮ್ಮ ಬೀದಿ ಅಗಲ ಮಾಡ್ತಾರಂತೆ!" ಅಂದಳು.

"ಯಾರು ಹೇಳಿದ್ದು?"

"ಹೇಳ್ತಾರಾ? ಗುಟ್ಟಾಗಿ ಮಾಡೋದು. ಅದಕ್ಕೇ ಆಫೀಸಿಗೆ ಹೋಗದ ಹಾಗೆ ನಾಟಕ ಮಾಡಿ ಮನೆ ಮುಂದೆ ಕೂರಿಸಿದಾರೆ. ಓಡಾಡೋ ಮನುಷ್ಯ ಕೂತ ಅಂದ್ರೆ ಸುಮ್ನೆನಾ? ನಕ್ಕನಂತೆ ಬೇರೆ!"

"ನಕ್ಕನಾ?" ಬೇಕರಿಯವನ ಕೈಯಿಂದ ಇಕ್ಕಳ ಜಾರಿತು. "ಸರ್ವೆಯವರು ನಕ್ಕರೆ ಮುಗೀತು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇದ್ದಾರೆ. ಈ ಬೀದಿಯಲ್ಲಿ ಕರುವಿಗೆ ಹಗ್ಗ ತರುವವರೂ ಇದ್ದರು.

ಅಷ್ಟರಲ್ಲಿ ದಡಬಡಣ್ಣ ಎದ್ದ. ಕೂತು ಸಾಕಾಗಿತ್ತು. ಇನ್ನು ನಡೆಯುವ ಪಾಠ. ಹಿಮ್ಮಡಿಗೆ ಬೆರಳು ತಾಗಿಸಿ, ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತಾ ಬೀದಿಯುದ್ದಕ್ಕೂ ಹೊರಟ. ತುಟಿ ಅಲ್ಲಾಡಿಸಿದ್ದು "ಅವಸರ ಇಲ್ಲ, ಅವಸರ ಇಲ್ಲ" ಅಂತ ಹೇಳಿಕೊಳ್ಳಲು. ನೋಡಿದವರಿಗೆ ಹೆಜ್ಜೆ ಎಣಿಸಿದ ಹಾಗೆ ಕಂಡಿತು. ಬೇಕರಿಯ ಮುಂದೆ ಬಂದಾಗ ಬೆಣ್ಣೆಯ ಪರಿಮಳ ಬಂತು. ಇಷ್ಟು ವರ್ಷ ಈ ಪರಿಮಳವನ್ನು ಅವನು ಓಡುತ್ತಾ ದಾಟಿದ್ದ. ನಿಂತ. ಗಾಜಿನ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ, ಪೆಟ್ಟಿಗೆಯ ಕೆಳಗಿನ ಕಲ್ಲು ನೋಡಿದ, ಕಲ್ಲಿನ ಕೆಳಗೆ ಹರಿಯುವ ಚರಂಡಿಯ ಸದ್ದು ಕೇಳಿ ಕಣ್ಣು ಮುಚ್ಚಿದ.

"ಆಹಾ," ಅಂದ. "ಇಲ್ಲಿ ಕೆಳಗೆ ನೀರು ಹರಿಯುತ್ತಲ್ವಾ? ನನಗೆ ಗೊತ್ತೇ ಇರಲಿಲ್ಲ."

ಬೇಕರಿಯವನ ಹಣೆಯಲ್ಲಿ ಬೆವರು ಬಂತು. "ಅಣ್ಣಾ, ನಾನು ಸಂಸಾರಸ್ಥ."

"ಯಾರು ಅಲ್ಲ? ನಾನೂ ಸಂಸಾರಸ್ಥನೇ. ಸಂಸಾರ ಉಳಿಸ್ಕೊಳ್ಳೋಕೇ ಇಷ್ಟೆಲ್ಲಾ ಮಾಡ್ತಾ ಇರೋದು."

"ಹಾಗಾದ್ರೆ ನಿಮ್ಮ ಮೇಲೂ ಒತ್ತಡ ಇದೆ ಅನ್ನಿ."

"ಒತ್ತಡವಾ! ಮಾಡದೇ ಇದ್ರೆ ಮನೆ ಖಾಲಿ ಆಗುತ್ತೆ ಅಂತ ಖಡಾಖಂಡಿತ ಹೇಳ್ಬಿಟ್ಟಿದ್ದಾಳೆ, ಇನ್ನೇನು ಮಾಡ್ಲಿ?"

'ಇದ್ದಾಳೆ' ಅಂದದ್ದು ಬೇಕರಿಯವನ ಕಿವಿಯೊಳಗೆ ಇಳಿಯಲೇ ಇಲ್ಲ. ಮನೆ ಖಾಲಿ ಅನ್ನುವಷ್ಟಕ್ಕೇ ಅವನ ತಲೆ ಗಿರ್ರೆಂದಿತ್ತು. ದಡಬಡಣ್ಣ ಮನೆಗೆ ವಾಪಸು ಬರುವ ಮೊದಲೇ ಬಾಗಿಲಲ್ಲಿ ಒಂದು ಬುಟ್ಟಿ ಬನ್ನು ಬಂದು ಕೂತಿತ್ತು. ಅದರ ಹಿಂದೆ ಮೂಲೆಮನೆಯಮ್ಮ ಕಳಿಸಿದ ಹಣ್ಣು ಬಂತು. ಅದರ ಹಿಂದೆ ಜನ ಬಂದರು. ಬಂದವರಿಗೆಲ್ಲ ಹೆಂಡತಿ ಚಹಾ ಮಾಡಿದಳು. ಬಂದವರು ಚಹಾ ಕುಡಿದು, "ನಮ್ಮ ಕಡೆ ಸ್ವಲ್ಪ ಕಣ್ಣಿಡಿ" ಅಂದರು. ಆಮೇಲೆ ಹೆದರಿ, "ಕಣ್ಣಿಡಬೇಡಿ" ಅಂದರು.

"ಏನಾಗಿದೆ ಈ ಜನಕ್ಕೆ?" ಹೆಂಡತಿ ಕೇಳಿದಳು, ಲೋಟ ತೊಳೆಯುತ್ತಾ.

"ನಾನು ಎಲ್ಲರನ್ನೂ ನೋಡಿ ನಕ್ಕೆನಲ್ಲ, ಅದಕ್ಕೆ. ಪ್ರೀತಿ ಕಣೇ. ನಿನ್ನ ತಮ್ಮ ಹೇಳಿದ್ದು ನೂರಕ್ಕೆ ನೂರು ನಿಜ."

"ಬೆಳಿಗ್ಗೆಯಿಂದ ಒಲೆ ಆರಿಲ್ಲ."

"ಒಲೆ ಉರಿಯೋದನ್ನೂ ಮೊದಲನೇ ಸಲ ನೋಡ್ದಂಗೆ ನೋಡ್ಬೇಕು. ಲೋಟ ತೊಳೆಯೋದ್ರಲ್ಲೂ ಒಂದು ಆನಂದ ಇದೆಯಂತೆ."

"ಹೌದಾ? ಹಾಗಾದ್ರೆ ಬನ್ನಿ, ಪಡ್ಕೊಳ್ಳಿ," ಅಂತ ಅವಳು ಲೋಟ ಚಾಚಿದಳು. ದಡಬಡಣ್ಣನಿಗೆ ಆ ಹೊತ್ತಿಗೆ ಸರಿಯಾಗಿ ಹೊರಗೆ ಗೋಡೆ ನೋಡುವುದು ಬಾಕಿ ಇದೆ ಅಂತ ನೆನಪಾಯಿತು.

ಆದರೂ ಅವತ್ತು ಸಂಜೆ ಒಂದು ಘಟನೆ ನಡೆಯಿತು. ಬಂದವರೆಲ್ಲ ಹೋದ ಮೇಲೆ ಹೆಂಡತಿ ಇನ್ನೊಂದು ಕುರ್ಚಿ ತಂದು ಅವನ ಪಕ್ಕ ಹಾಕಿಕೊಂಡಳು. ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ನಾರು ತೆಗೆಯಲು ಶುರು ಮಾಡಿದಳು. ಎದುರು ಗೋಡೆಯ ಮೇಲೆ ಒಂದು ಬೆಕ್ಕು ಬಂತು. ಮೇಷ್ಟ್ರು ಬಿಟ್ಟುಹೋಗಿದ್ದ ತಂಬಿಗೆ ಇನ್ನೂ ಅಲ್ಲೇ ಇತ್ತು. ಬೆಕ್ಕು ಅದರೊಳಗೆ ಇಣುಕಿತು, ತಲೆ ಹಾಕಿತು, ಹಾಕಿದ ತಲೆ ಹೊರಗೆ ಬರಲಿಲ್ಲ. ತಂಬಿಗೆ ತಲೆಯ ಬೆಕ್ಕು ಗೋಡೆಯ ಮೇಲೆ ಹಿಂದೆ ಹಿಂದೆ ನಡೆಯಿತು. ತಪ್ಪಿಸಿಕೊಳ್ಳಬೇಕಾದದ್ದು ತನ್ನ ಮುಂದೇ ಇದೆ, ಹಿಂದೆ ಹೋದರೆ ಬಿಟ್ಟುಹೋಗುತ್ತದೆ ಅನ್ನುವುದು ಅದರ ಲೆಕ್ಕ. ಗೋಡೆ ಮುಗಿಯುವ ತನಕ ಹಿಂದೆ ನಡೆದು ತುದಿಯಲ್ಲಿ ಧೊಪ್ಪೆಂದು ಬಿತ್ತು. ತಂಬಿಗೆ ಒಂದು ಕಡೆ ಹೋಯಿತು, ಬೆಕ್ಕು ಒಂದು ಕಡೆ. ಕೂಡಲೇ ಏನೂ ಆಗಿಯೇ ಇಲ್ಲವೆಂಬಂತೆ ಕೂತು ಮೈ ನೆಕ್ಕಿಕೊಳ್ಳತೊಡಗಿತು.

ಹೆಂಡತಿ ನಕ್ಕಳು. ಮಂಡಿ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹುರುಳಿಕಾಯಿ ನೆಲದ ಮೇಲೆಲ್ಲ ಚೆಲ್ಲಿತು. ದಡಬಡಣ್ಣ ಬೆಕ್ಕು ನೋಡುವುದನ್ನು ಬಿಟ್ಟು ಅವಳನ್ನು ನೋಡಿದ. ನಗುವಾಗ ಅವಳು ಮಂಡಿ ತಟ್ಟಿಕೊಳ್ಳುತ್ತಾಳೆ ಅನ್ನುವುದು ಅವನಿಗೆ ಮರೆತೇ ಹೋಗಿತ್ತು. ಅವನ ಮಂಡಿ ಕುಣಿಯುವುದು ನಿಂತಿತ್ತು. ಅದು ಯಾವಾಗ ನಿಂತಿತೋ ಅವನಿಗೂ ತಿಳಿಯದು.

"ನಾಳೆ ಸಂಜೇನೂ ಹೀಗೇ ಕೂರೋಣ್ವಾ?" ಅಂದಳು.

"ಕೂರೋಣ," ಅಂದ.

"ನಾಡಿದ್ದು?"

"ನಾಡಿದ್ದೂ."

ನಾನು ಈ ಕಥೆಯನ್ನು ಇಲ್ಲಿಗೇ ಮುಗಿಸಿದ್ದರೆ ದಡಬಡಣ್ಣನ ಸಂಸಾರಕ್ಕೆ ಒಳ್ಳೆಯದಾಗುತ್ತಿತ್ತು. ಆದರೆ ಅಷ್ಟರಲ್ಲಿ ಎದುರು ಮನೆಯಿಂದ ಧಡ್ ಅಂತ ಸದ್ದು ಬಂತು. ಮೇಷ್ಟ್ರು ಸುತ್ತಿಗೆ ಹಿಡಿದು ಬಂದು ತಮ್ಮ ಗೋಡೆಯನ್ನು ತಾವೇ ಒಡೆಯುತ್ತಿದ್ದರು.

"ಯಾಕೆ ಮೇಷ್ಟ್ರೇ, ಇಷ್ಟು ಚೆನ್ನಾಗಿರೋ ಗೋಡೆ?"

"ಚೆನ್ನಾಗಿದೆ ಅಂತ ಬೇರೆ ಹೇಳ್ತೀಯ! ಕೊರಗಿಸಿ ಕೊಲ್ಲಬೇಡಪ್ಪಾ. ನಿಮ್ಮ ಯಂತ್ರ ಬಂದ್ರೆ ಮನೆ ಮುಂಬಾಗಿಲೂ ಹೋಗುತ್ತೆ. ನಾನೇ ಒಡ್ಕೊಂಡ್ರೆ ಗೋಡೆ ಮಾತ್ರ ಹೋಗುತ್ತೆ!"

ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ಧಡ್ ಧಡ್. ಬೇಕರಿಯವನು ಗಾಜಿನ ಪೆಟ್ಟಿಗೆ ಒಳಗೆ ಸಾಗಿಸಿ ಕಲ್ಲು ಕೀಳಿಸಿದ. ಮೂಲೆಮನೆಯಮ್ಮ ಮೆಟ್ಟಿಲು ಕಡಿಸಿ, ಬಾಗಿಲಿಂದ ಇಳಿಯಲಾಗದೆ ಏಣಿ ಹಾಕಿಸಿಕೊಂಡಳು. ಏಣಿ ಇಳಿಯುತ್ತಾ ಮೆಟ್ಟಿಲಿಗೊಂದು ಶಾಪ ಹಾಕಿದಳು. ಒಬ್ಬರು ಒಡೆದದ್ದು ನೋಡಿ ಇನ್ನೊಬ್ಬರು ಒಡೆದರು. ಒಡೆಯಲು ಏನೂ ಇಲ್ಲದವನೊಬ್ಬ, ತಾನು ಹಿಂದೆ ಬೀಳಬಾರದೆಂದು ತನ್ನ ಸ್ವಂತ ಜಾಗದಲ್ಲಿದ್ದ ಸ್ನಾನದ ಮನೆ ಒಡೆದ.

ಮಧ್ಯಾಹ್ನದ ಹೊತ್ತಿಗೆ ನಗರಸಭೆಯ ಜೀಪು ಬಂತು. ಸರ್ವೆ ವಿಭಾಗದ ಸಾಹೇಬರು ಇಳಿದರು. ಮುಖ ಕೆಂಡವಾಗಿತ್ತು. ಅವರ ಹಿಂದೆ ಬೀದಿಗೆ ಬೀದಿಯೇ ದಡಬಡಣ್ಣನ ಹಜಾರಕ್ಕೆ ನುಗ್ಗಿತು. ಭಾವಮೈದುನನೂ ಸುದ್ದಿ ಕೇಳಿ ಬಂದಿದ್ದ. ಅವನು ನಿಧಾನವಾಗಿ ಬಂದಿದ್ದರಿಂದ ಕೂರಲು ಜಾಗ ಸಿಗಲಿಲ್ಲ.

"ಯಾರಯ್ಯಾ ನಿನಗೆ ಆರ್ಡರ್ ಕೊಟ್ಟಿದ್ದು?" ಸಾಹೇಬರು ಮೇಜು ಗುದ್ದಿದರು. "ನನಗೆ ಗೊತ್ತಿಲ್ದೆ ಒಂದು ಬೀದಿ ಸರ್ವೆ ಆಗುತ್ತಾ? ನನ್ನ ತಲೆ ಮೇಲೆ ಯಾರು ಮಾತಾಡಿದ್ದು? ದೊಡ್ಡ ಸಾಹೇಬ್ರಾ?"

"ಯಾರೂ ಇಲ್ಲ ಸಾರ್. ನಾನು ಸುಮ್ನೆ ಕೂತಿದ್ದೆ."

"ಸುಳ್ಳು ಹೇಳ್ಬೇಡ! ಸರ್ಕಾರಿ ನೌಕರನಿಗೆ ಸುಮ್ನೆ ಕೂತ್ಕೊಳ್ಳೋಕೆ ಆಫೀಸ್ ಇದೆ. ಮನೆಯಲ್ಲಿ ಯಾಕೆ ಕೂತ್ಕೋಬೇಕು?"

"ಆಣೆ ಇಟ್ಟು ಹೇಳ್ತೀನಿ ಸಾರ್. ಹೆಂಡ್ತಿ ಹೇಳಿದ್ಲು, ಭಾವಮೈದುನ ಹೇಳ್ಕೊಟ್ಟ, ಕೂತ್ಕೊಂಡೆ. ಗೋಡೆ ನೋಡಿದ್ದು ಆನಂದಕ್ಕೆ."

"ಆನಂದಕ್ಕಾ?" ಮೇಷ್ಟ್ರ ಧ್ವನಿ ಕೀರಲಾಯಿತು. "ನೀನು ಆನಂದ ಪಡೋಕೆ ನಾನು ಗೋಡೆ ಒಡೆದ್ನಾ?"

"ಒಡೀರಿ ಅಂತ ನಾನು ಹೇಳಿದ್ನಾ ಮೇಷ್ಟ್ರೇ?"

"ಒಂದು ಕಣ್ಣು ಯಾಕಯ್ಯಾ ಮುಚ್ಚಿದೆ?"

"ಮನೆ ಖಾಲಿ ಆಗುತ್ತೆ ಅಂದಿರಿ!" ಬೇಕರಿಯವನು ಮುಂದೆ ಬಂದ. "ನನ್ನ ಬನ್ನು ತಿಂದ್ರಿ!"

"ನನ್ನ ಮೆಟ್ಟಿಲು ಕಟ್ಟಿಸಿ ಕೊಡಿ! ನಾನು ಈ ವಯಸ್ಸಲ್ಲಿ ಏಣಿ ಹತ್ತಬೇಕಾ?" ಮೂಲೆಮನೆಯಮ್ಮ ಕೂಗಿದಳು.

ಭಾವಮೈದುನ ಬಾಗಿಲಲ್ಲಿ ನಿಂತು, "ಎಲ್ಲರೂ ಒಂದು ಸಲ... ಉಸಿರು..." ಅಂದ. ಮೇಷ್ಟ್ರು ಅವನ ಕಡೆ ತಿರುಗಿ, "ಇವನೇನಾ ಹೇಳ್ಕೊಟ್ಟೋನು?" ಅಂದ ಕೂಡಲೇ ನಿಧಾನಿ ನಿಧಾನವನ್ನೆಲ್ಲ ಬಿಟ್ಟು ಅಂಗಳಕ್ಕೆ ಹಾರಿದ.

ಇಷ್ಟೂ ಹೊತ್ತು ಹೆಂಡತಿ ಒಳಗಿಂದ ಚಹಾ ತರುತ್ತಿದ್ದಳು. ಜಗಳವಾಡುವವರೂ ಚಹಾ ಕುಡಿಯುತ್ತಾರೆ. ಸುಮ್ಮನಿರುವವರಿಗಿಂತ ಹೆಚ್ಚೇ ಕುಡಿಯುತ್ತಾರೆ.

ಸಾಹೇಬರು ಲೋಟ ಹಿಡಿದು ಕಿಟಕಿಯ ಹತ್ತಿರ ಹೋದರು. ಹೊರಗೆ ನೋಡಿದರು. ಬೀದಿಯ ಈ ತುದಿಯಿಂದ ಆ ತುದಿಯ ತನಕ ಸೀದಾ ಕಂಡಿತು. ಎಷ್ಟೋ ವರ್ಷಗಳಿಂದ ಯಾರಿಗೂ ಸಿಗದಿದ್ದ ಚರಂಡಿ ಬಿಸಿಲಲ್ಲಿ ಹೊಳೆಯುತ್ತಿತ್ತು. ನೀರಿನ ಟ್ಯಾಂಕರು ಮೊದಲ ಸಲ ಬೀದಿಯೊಳಗೆ ಬಂದು ನಿಂತಿತ್ತು, ಡ್ರೈವರಿಗೇ ನಂಬಿಕೆಯಾಗದೆ ಇಳಿದು ಚಕ್ರ ನೋಡುತ್ತಿದ್ದ. ಒಂದು ನೋಟಿಸಿಲ್ಲ, ಒಂದು ಕೋರ್ಟಿಲ್ಲ, ಯಂತ್ರಕ್ಕೆ ಒಂದು ಹನಿ ಎಣ್ಣೆ ಖರ್ಚಾಗಿಲ್ಲ. ಸಾಹೇಬರ ಮುಖದಲ್ಲಿದ್ದ ಕೆಂಡ ಮೆಲ್ಲಗೆ ಆರಿತು. ಅಲ್ಲಿ ಇನ್ನೇನೋ ಹೊತ್ತಿಕೊಂಡಿತು.

"ಯಾರ್ರೀ ಅದು ಸರ್ವೆ ಆಗಿಲ್ಲ ಅಂದಿದ್ದು?" ಅಂತ ತಿರುಗಿದರು.

"ಇವರೇ ಸಾರ್!"

"ಅವನು ಟೇಪು ಹಿಡಿಯೋನು, ಅವನಿಗೇನು ಗೊತ್ತು! ಇದು ಹೊಸ ಪದ್ಧತಿ. ನಾನೇ ಮಾಡಿದ್ದು. ಯಾರಾದ್ರೂ ಗೋಡೆ ಮತ್ತೆ ಕಟ್ಟಿದ್ರೋ, ಮನೆ ಒಳಗಿನ ತನಕ ಗೆರೆ ಎಳೆಸ್ತೀನಿ."

ಬೀದಿ ತಣ್ಣಗಾಯಿತು. ಮೇಷ್ಟ್ರು, "ನಾನು ಮೊದಲೇ ಹೇಳಲಿಲ್ವಾ?" ಅಂತ ಎಲ್ಲರ ಮುಖ ನೋಡಿದರು. ಸುಮ್ಮನೆ ಒಡೆದೆವು ಅನ್ನುವುದಕ್ಕಿಂತ ಸರ್ಕಾರ ಒಡೆಸಿತು ಅನ್ನುವುದರಲ್ಲಿ ಒಂದು ಮರ್ಯಾದೆ ಇದೆ.

ಸಾಹೇಬರು ದಡಬಡಣ್ಣನ ಹೆಗಲ ಮೇಲೆ ಕೈಯಿಟ್ಟರು. "ನಾಳೆಯಿಂದ ಟೇಪು ಮುಟ್ಟಬೇಡ. ಹಿಂದಿನ ಬೀದಿಗೆ ಹೋಗಿ ಕುರ್ಚಿ ಹಾಕ್ಕೊಂಡು ಕೂತ್ಕೋ. ಇಲ್ಲಿ ಹೇಗೆ ಕೂತಿದ್ದೆಯೋ ಹಾಗೇ. ಸ್ವಲ್ಪ ನಗು. ಅದು ಮುಗಿದ ಮೇಲೆ ಮಾರ್ಕೆಟ್ ಬೀದಿ."

ದಡಬಡಣ್ಣನನ್ನು ಇದುವರೆಗೆ ಯಾವ ಸಾಹೇಬರೂ ಹೆಗಲು ಮುಟ್ಟಿ ಮಾತಾಡಿಸಿರಲಿಲ್ಲ. ಅವನ ಮಂಡಿ ಕುಣಿಯಿತು, ಬೆರಳು ಕುಣಿಯಿತು, ಹುಬ್ಬೂ ಕುಣಿಯಿತು.

"ಒಂದೊಂದೇ ಬೀದಿ ಯಾಕೆ ಸಾರ್? ಬೆಳಿಗ್ಗೆ ಹಿಂದಿನ ಬೀದಿ ಕೂತು ಮುಗಿಸ್ತೀನಿ. ಊಟ ಅಲ್ಲೇ ನಿಂತ್ಕೊಂಡು ಮಾಡ್ತೀನಿ. ಮಧ್ಯಾಹ್ನ ಮಾರ್ಕೆಟ್, ಸಂಜೆ ಸ್ಕೂಲ್ ಬೀದಿ. ನನಗೊಂದು ಸೈಕಲ್ ಕೊಡ್ಸಿ, ಕುರ್ಚಿ ಹಿಂದೆ ಕಟ್ಕೋತೀನಿ. ಭಾನುವಾರಾನೂ ಕೂರ್ತೀನಿ! ನಾನು ಕೂತಷ್ಟು ಬೇಗ ಈ ಡಿಪಾರ್ಟ್‌ಮೆಂಟಲ್ಲಿ ಇನ್ಯಾರು ಕೂರ್ತಾರೆ ಸಾರ್?"

ಹೆಂಡತಿ ಒಳಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆ ತುಂಬಾ ಲೋಟಗಳಿದ್ದವು.

"ನಾಳೆ ಸಂಜೆ?" ಅಂತ ಕೇಳಿದಳು.

"ನಾಳೆ ಸಂಜೆ ಸ್ಕೂಲ್ ಬೀದಿ ಕಣೇ, ಕೇಳಿಸ್ಲಿಲ್ವಾ?" ದಡಬಡಣ್ಣ ತಿರುಗಿ ನೋಡದೆ ಹೇಳಿದ. "ನೀನು ಕುರ್ಚಿ ಹಾಕ್ಕೊಂಡು ಶುರು ಮಾಡ್ಕೊಂಡಿರು. ನಾನು ಮುಗಿಸ್ಕೊಂಡು ಓಡಿ ಬಂದು ಸೇರ್ಕೋತೀನಿ."

ಅವಳು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟಳು. ಒಳಗೆ ಹೋಗಿ ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ಅಷ್ಟೂ ಜನರ ನಡುವೆ ದಾರಿ ಮಾಡಿಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಅಂದ, ಸಾಹೇಬರ ಕಡೆಗೇ ಮುಖವಿಟ್ಟುಕೊಂಡು.

"ಸುಮ್ನೆ."

"ಬರ್ತಾ ಹಾಲು ತಗೊಂಡ್ಬಾ. ಮುಗಿದಿರಬೇಕು."

ಅವಳು ಹೊರಟುಹೋದಳು. ದಡಬಡಣ್ಣ ಗೋಡೆಯ ಮೇಲೆ ಬೆರಳಲ್ಲಿ ಊರಿನ ನಕ್ಷೆ ಬರೆದು ಸಾಹೇಬರಿಗೆ ತೋರಿಸಿದ. ಎಲ್ಲೆಲ್ಲಿ ಕೂರಬೇಕು, ಎಲ್ಲಿಂದ ಎಲ್ಲಿಗೆ ಓಡಿದರೆ ಕೂರುವುದಕ್ಕೆ ಹೆಚ್ಚು ಹೊತ್ತು ಸಿಗುತ್ತದೆ, ಎಲ್ಲ ಲೆಕ್ಕ ಹಾಕಿದ. ಸಾಹೇಬರು ಲೋಟ ಚಾಚಿದರು. ಚಹಾ ಬರಲಿಲ್ಲ. ಮೇಷ್ಟ್ರೂ ಚಾಚಿದರು. ಬರಲಿಲ್ಲ.

"ಈಗ ಬರ್ತಾಳೆ," ಅಂದ ದಡಬಡಣ್ಣ.

ಆಗ ಹಿಂದಿನ ಬೀದಿಯಿಂದ ಧಡ್ ಅಂತ ಸದ್ದು ಬಂತು.

ಎಲ್ಲರೂ ಕಿವಿ ನಿಮಿರಿಸಿದರು. ಇನ್ನೊಂದು ಧಡ್. ಮೂಲೆಮನೆಯಮ್ಮ ನೋಡಿಬರಲು ಹೋದಳು, ಏದುಸಿರು ಬಿಡುತ್ತಾ ವಾಪಸು ಬಂದಳು. "ನಿಮ್ಮ ಮನೆಯವಳು ಕಣಣ್ಣಾ! ಹಿಂದಿನ ಬೀದೀಲಿ ಹೋಗ್ತಾ ಇದಾಳೆ. ನಿಂತು ನಿಂತು ಒಂದೊಂದೇ ಮನೆ ನೋಡ್ತಾಳೆ. ಒಂದು ಗೇಟಿನ ಬಳ್ಳೀನ ಮುಟ್ಟಿ ನೋಡಿದ್ಲು. ಒಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ್ಲು. ನಕ್ಕಳಂತೆ! ಆ ಮನೆಯವರು ಆಗಲೇ ಮೆಟ್ಟಿಲು ಕೀಳ್ತಾ ಇದಾರೆ!"

"ಭೇಷ್!" ಸಾಹೇಬರು ತೊಡೆ ತಟ್ಟಿದರು. "ಗಂಡನಿಗಿಂತ ಹೆಂಡ್ತಿ ಚುರುಕು! ನೀನು ನಾಳೆ ಅಂದೆ, ಅವರು ಇವತ್ತೇ ಶುರು ಮಾಡಿದಾರೆ ನೋಡು!"

ದಡಬಡಣ್ಣ ನಗಲಿಲ್ಲ. ಬೂಟು ಹುಡುಕಲಿಲ್ಲ. ಬರಿಗಾಲಲ್ಲಿ ಓಡಿದ. ಹಿಂದಿನ ಬೀದಿ ಓಡಿದ, ಮಾರ್ಕೆಟ್ ಬೀದಿ ಓಡಿದ, ಕಲ್ಲು ಮಣ್ಣಿನ ರಾಶಿ ಹಾರಿ ಹಾರಿ ಓಡಿದ. ಸುತ್ತಿಗೆ ಹಿಡಿದವರೆಲ್ಲ, "ನಿಮ್ಮ ಮೇಡಂ ಈಗ ತಾನೇ ನೋಡ್ಕೊಂಡು ಹೋದ್ರು, ನೀವು ಮತ್ತೆ ಯಾಕೆ?" ಅಂತ ಹೆದರಿ ಕೇಳಿದರು. ಮಾರ್ಕೆಟ್ಟಿನ ಗಾಜಿನ ಬಳೆ ಅಂಗಡಿಯ ಮುಂದೆ ಅವಳು ನಿಂತಿದ್ದಳಂತೆ, ಬಿಸಿಲಿಗೆ ಬಳೆ ಹಿಡಿದು ಬಣ್ಣ ನೋಡುತ್ತಾ. ಅವನು ಅವಳ ಬೆನ್ನ ಹಿಂದಿನಿಂದಲೇ ಗಾಳಿಯ ಹಾಗೆ ದಾಟಿ ಹೋದನಂತೆ. ಇದನ್ನು ಆಮೇಲೆ ಹೇಳಿದ್ದು ಬಳೆಯಂಗಡಿಯವನು.

ಎಲ್ಲ ಬೀದಿ ಓಡಿ ಮುಗಿಸಿ ಬೆವರು ಸುರಿಸುತ್ತಾ ಮನೆಗೆ ಬಂದಾಗ ಸಾಹೇಬರು ಹೋಗಿದ್ದರು, ಜನ ಹೋಗಿದ್ದರು. ನೆಲದ ಮೇಲೆ ಚಹಾದ ತಟ್ಟೆ ಹಾಗೇ ಇತ್ತು. ಅವನು ಗೇಟಿನಲ್ಲಿ ನಿಂತು ಕಿವಿಗೊಟ್ಟ. ಮಾರ್ಕೆಟ್ ಬೀದಿಯಲ್ಲಿ ಒಡೆಯುವ ಸದ್ದು ನಿಂತಿತ್ತು. ಸ್ಕೂಲ್ ಬೀದಿಯಲ್ಲಿ ಶುರುವಾಯಿತು. ಅದಾದ ಮೇಲೆ ಇನ್ನೂ ದೂರ, ಅಕ್ಕಿ ಗಿರಣಿಯ ಹತ್ತಿರ. ಅವಳು ಎಲ್ಲಿದ್ದಾಳೆ ಅಂತ ಊರಿಗೆಲ್ಲ ಕೇಳಿಸುತ್ತಿತ್ತು. ಅವಳಿಗೆ ಅವಸರವೇ ಇರಲಿಲ್ಲ. ಒಂದು ಸದ್ದಿಗೂ ಇನ್ನೊಂದು ಸದ್ದಿಗೂ ನಡುವೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು.

ಸಂಜೆಯ ಹೊತ್ತಿಗೆ ಊರ ತುದಿಯ ರೈಲ್ವೆ ಗೇಟಿನ ಕಡೆಯಿಂದ, ಕೇಳಿಯೂ ಕೇಳದಷ್ಟು ಸಣ್ಣಗೆ, ಒಂದು ಧಡ್ ಬಂತು.

ಅಲ್ಲಿಂದಾಚೆ ಒಡೆಯುವುದಕ್ಕೆ ಮನೆಗಳೇ ಇರಲಿಲ್ಲ.